ಕಾಣ್ತಾ?

ಇವತ್ತು ನಾನು ಹೇಳಹೊರಟಿರುವುದು ಕಣ್ಣಿನ ವಿಷಯ. ರೇಡಿಯೊದಲ್ಲಿ ಕೂತು ಚಿತ್ರದ ಬಗ್ಗೆ ಮಾತಾಡುವುದೆಂದರೆ ಫೋನಿನಲ್ಲಿ ಊಟ ಬಡಿಸಿದ ಹಾಗೆ ಎಂದು ನಮ್ಮ ಮನೆಯಲ್ಲಿ ಆಗಲೇ ಆಡಿಕೊಂಡಿದ್ದಾರೆ. ಆದರೆ ಈ ಚಿತ್ರಗಳದ್ದು ಬೇರೆಯೇ ಜಾತಿ. ಕಣ್ಣೆದುರಿಗೇ ಇದ್ದರೂ ಅವನ್ನು ಇನ್ನೊಬ್ಬರಿಗೆ ತೋರಿಸಲು ಬರುವುದಿಲ್ಲ. ‘ಅಗೋ ಅಲ್ಲಿ’ ಎಂದು ಬೆರಳಿಟ್ಟರೆ ಬೆರಳಿನ ಕೆಳಗೆ ಬರೀ ಬಣ್ಣದ ಚುಕ್ಕೆ. ಹಾಗಾಗಿ ಸ್ಟುಡಿಯೊದಲ್ಲಿರುವ ನನಗೂ ಮನೆಯಲ್ಲಿರುವ ನಿಮಗೂ ಈ ವಿಷಯದಲ್ಲಿ ಅಂಥ ದೊಡ್ಡ ಅಡ್ಡಿಯೇನಿಲ್ಲ.

ಮೊದಲು ಒಂದು ಸಣ್ಣ ಆಟ ಆಡೋಣ. ಗಾಡಿ ಓಡಿಸುತ್ತ ಕೇಳುತ್ತಿರುವವರು, ಒಲೆಯ ಮೇಲೆ ಹಾಲಿಟ್ಟಿರುವವರು ದಯವಿಟ್ಟು ಬೇಡ. ಉಳಿದವರು ಎರಡೂ ಕೈಯ ತೋರುಬೆರಳುಗಳನ್ನು ಮುಖದ ಮುಂದೆ, ಒಂದು ಅಡಿ ದೂರದಲ್ಲಿ, ತುದಿಗೆ ತುದಿ ತಾಗಿಸಿ ಹಿಡಿಯಿರಿ. ಈಗ ಬೆರಳನ್ನು ನೋಡಬೇಡಿ. ಬೆರಳಿನ ಆಚೆಗಿರುವ ಗೋಡೆಯನ್ನು ನೋಡಿ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಇವತ್ತು ಯಾವ ತಿಥಿ ಎಂದು ಓದುವ ಹಾಗೆ ನೋಡಿ. ಎರಡು ಬೆರಳುಗಳ ನಡುವೆ, ಎರಡೂ ತುದಿಗೆ ಉಗುರಿರುವ ಪುಟ್ಟ ಕಡುಬಿನಂಥದ್ದೊಂದು ಹುಟ್ಟಿರುತ್ತದೆ. ಬೆರಳುಗಳನ್ನು ಕೂದಲೆಳೆಯಷ್ಟು ಅಗಲಿಸಿದರೆ ಆ ಕಡುಬು ಗಾಳಿಯಲ್ಲಿ ತೇಲುತ್ತದೆ. ಅದನ್ನೇ ನೋಡೋಣವೆಂದು ಕಣ್ಣು ಹಾಯಿಸಿದಿರೋ, ಮಾಯ.

ಕಂಡವರಿಗೆ ಸಂತೋಷ. ಕಾಣದವರು ರೇಡಿಯೊ ಆರಿಸಬೇಡಿ. ಈ ಮಾತಿನ ಅರ್ಧ ಭಾಗ ನಿಮ್ಮದೇ.

1995ರ ಬೇಸಗೆ. ನಮ್ಮ ಸೋದರಮಾವ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯಿಂದ ಒಂದು ದೊಡ್ಡ ಹಾಳೆಯನ್ನು ಸುರುಳಿ ಸುತ್ತಿಕೊಂಡು ಅರಸೀಕೆರೆ ಹತ್ತಿರದ ನಮ್ಮ ಊರಿಗೆ ಬಂದರು. ಬಿಚ್ಚಿದರೆ ನೀಲಿ, ಹಸಿರು, ನೇರಳೆ ಬಣ್ಣದ ಗಜಿಬಿಜಿ. ಹೋಳಿಯ ಮಾರನೆಯ ದಿನದ ಅಂಗಿಯಂತಿತ್ತು. ‘ಇದರೊಳಗೆ ಒಂದು ಚಿತ್ರ ಅಡಗಿದೆ, ಹುಡುಕ್ರೋ’ ಎಂದರು ಮಾವ. ನಾವು ಹುಡುಗರು ಮೂಲೆ ಮೂಲೆ ಹುಡುಕಿದೆವು. ‘ಹಾಗಲ್ಲ, ಹಾಳೆಗೆ ಮೂಗು ತಾಗಿಸಿ, ನಿದ್ದೆಗಣ್ಣಲ್ಲಿ ನೋಡಿದ ಹಾಗೆ ನೋಡ್ತಾ ನಿಧಾನಕ್ಕೆ ಹಿಂದೆ ಬನ್ನಿ’ ಎಂದರು. ಎರಡನೆಯ ದಿನ ಸಂಜೆ ನನಗೆ ತಟಕ್ಕನೆ ಕಂಡಿತು. ಹಾಳೆಯೇ ಇರಲಿಲ್ಲ. ಅದರ ಜಾಗದಲ್ಲಿ ಗಾಜಿನ ತೊಟ್ಟಿಯಂಥ ಆಳ, ಆ ಆಳದ ನಡುವೆ ಮೂರು ಡಾಲ್ಫಿನ್. ನಾವು ಅವುಗಳನ್ನು ಮೀನು ಎಂದೇ ಕರೆದೆವು. ನಮ್ಮೂರ ಕೆರೆಯಲ್ಲಿ ಡಾಲ್ಫಿನ್ ಇರಲಿಲ್ಲವಲ್ಲ.

ಮನೆಮಂದಿಗೆಲ್ಲ ಒಬ್ಬೊಬ್ಬರಿಗಾಗಿ ಕಂಡಿತು. ಅಜ್ಜಿಗೂ ಕಂಡಿತು. ಕಾಣದೆ ಉಳಿದದ್ದು ನನ್ನ ಅಕ್ಕನಿಗೆ ಮಾತ್ರ. ಅವಳು ನನಗಿಂತ ನಾಲ್ಕು ವರ್ಷ ದೊಡ್ಡವಳು, ಓದಿನಲ್ಲಿ ನನಗಿಂತ ಜಾಣೆ. ಮೂರು ಸಂಜೆ ಹಾಳೆಯ ಮುಂದೆ ನಿಂತಳು. ನಾವು ಪಕ್ಕದಲ್ಲಿ ನಿಂತು ‘ಕಾಣ್ತಾ? ಕಾಣ್ತಾ?’ ಎಂದು ಪ್ರಾಣ ತಿಂದೆವು. ಕೊನೆಗೊಂದು ಸಂಜೆ ಅವಳು ‘ಹೂಂ, ಕಾಣ್ತು. ಮೀನು’ ಎಂದಳು. ನಾನು ಸುಮ್ಮನಿರಬಹುದಿತ್ತು. ‘ಎಷ್ಟು ಮೀನು?’ ಎಂದು ಕೇಳಿದೆ. ‘ಒಂದು’ ಎಂದಳು.

ಮನೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಅದಾಗಿ ಸುಮಾರು 25 ವರ್ಷ ಆ ಹಾಳೆಯ ನೆನಪೇ ನನಗಿರಲಿಲ್ಲ. ಓದು, ಬ್ಯಾಂಕಿನ ಕೆಲಸ, ವರ್ಗಾವಣೆ, ಮದುವೆ, ಮಕ್ಕಳು, ಎಲ್ಲರ ಕಥೆಯೇ. ಕೆಲವು ವರ್ಷಗಳ ಹಿಂದೆ ಗೌರಿ ಹಬ್ಬಕ್ಕೆ ಅಕ್ಕನ ಮನೆಗೆ ಹೋಗಿದ್ದೆ. ಅವಳು ಪೂಜೆ ಮುಗಿಸಿ ಹಾಡಿನ ಪುಸ್ತಕ ತೆಗೆದು ಕೂತಳು. ದೇವರನಾಮ, ಆರತಿ ಹಾಡು, ಸಂಪ್ರದಾಯದ ಹಾಡು ಎಲ್ಲ ಕೈಬರಹದಲ್ಲಿ ಬರೆದುಕೊಂಡ ದಪ್ಪ ನೋಟ್‌ಬುಕ್. ಅದಕ್ಕೆ ಹಾಕಿದ್ದ ರಟ್ಟಿನ ಮೇಲೆ ನೀಲಿ, ಹಸಿರು, ನೇರಳೆ ಗಜಿಬಿಜಿ. ಅಂಚೆಲ್ಲ ಎಣ್ಣೆಗೈ ತಾಗಿ ಕಪ್ಪಾಗಿತ್ತು, ಒಂದು ಮೂಲೆಯಲ್ಲಿ ಅರಿಸಿನದ ಗುರುತು. ಹಾಡಿನ ಮಧ್ಯೆ ನಾನು ಅದನ್ನು ನೋಡುತ್ತ ಕೂತೆ. ನೋಡುತ್ತಿದ್ದ ಹಾಗೆ ಪುಸ್ತಕದ ರಟ್ಟು ಕರಗಿತು, ಒಂದು ಡಾಲ್ಫಿನ್ ಬಾಲ ಮೇಲೆತ್ತಿ ನಿಂತಿತು. ಉಳಿದೆರಡು ಹಾಳೆ ಕತ್ತರಿಸುವಾಗ ಹೋಗಿರಬೇಕು.

‘ಅಕ್ಕ, ಇದು ಆ ಮೀನಿನ ಹಾಳೆ ಅಲ್ವಾ?’

‘ಹೂಂ ಕಣೋ. ಗಟ್ಟಿ ಕಾಗದ, ಬಣ್ಣ ಚೆನ್ನಾಗಿತ್ತು. ನನಗಂತೂ ಅದರಲ್ಲಿ ಏನೂ ಕಾಣ್ತಿರಲಿಲ್ಲವಲ್ಲ, ರಟ್ಟಿಗಾದ್ರೂ ಆಗ್ಲಿ ಅಂತ ಹಾಕ್ಕೊಂಡೆ.’

ಅವಳು ಇದನ್ನು ಏನೂ ಆಗಿಲ್ಲವೆಂಬಂತೆ ಹೇಳಿದಳು. ಆ ಸಂಜೆಯ ನಗು ಅವಳಿಗೆ ನೆನಪಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಹಾಸನಕ್ಕೆ ವಾಪಸು ಬರುವ ಬಸ್ಸಿನಲ್ಲಿ ಮಾತ್ರ ಇದೊಂದೇ ಯೋಚನೆ. ಓದುವ ಕಣ್ಣು, ಹೊಲಿಯುವ ಕಣ್ಣು, ಅಕ್ಕಿಯಲ್ಲಿ ಕಲ್ಲು ಆರಿಸುವ ಕಣ್ಣು ಅವಳದು. ಅವಳಿಗೆ ಯಾಕೆ ಕಾಣಲಿಲ್ಲ?

ಅಲ್ಲಿಂದ ಶುರುವಾಯಿತು ನನ್ನ ಹುಚ್ಚು.

ನಮಗೆ ಎರಡು ಕಣ್ಣು. ಒಂದಕ್ಕೂ ಇನ್ನೊಂದಕ್ಕೂ ಸುಮಾರು ಆರೂವರೆ ಸೆಂಟಿಮೀಟರ್ ಅಂತರ. ಅಷ್ಟರಿಂದಲೇ ಎರಡಕ್ಕೂ ಬೀಳುವ ನೋಟ ಕೊಂಚ ಬೇರೆ ಬೇರೆ. ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಮೂಗಿನ ಮುಂದಿನ ಬೆರಳು ಅತ್ತಿತ್ತ ನೆಗೆಯುತ್ತದಲ್ಲ, ಅದೇ. ಈ ವ್ಯತ್ಯಾಸದಿಂದಲೇ ಮಿದುಳು ಆಳವನ್ನು ಕಟ್ಟುತ್ತದೆ ಎಂದು ಮಾಡಿ ತೋರಿಸಿದವನು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್, 1838ರಲ್ಲಿ. ಎರಡು ಕನ್ನಡಿ ಇಟ್ಟು ಎಡಗಣ್ಣಿಗೊಂದು ರೇಖಾಚಿತ್ರ, ಬಲಗಣ್ಣಿಗೊಂದು ರೇಖಾಚಿತ್ರ ತೋರಿಸಿದ. ಎರಡು ಚಪ್ಪಟೆ ಚಿತ್ರ ಸೇರಿ ಒಂದು ಉಬ್ಬಿದ ಆಕಾರವಾಯಿತು. ಆಮೇಲೆ ಡೇವಿಡ್ ಬ್ರೂಸ್ಟರ್ ಎಂಬ ಸ್ಕಾಟ್ಲೆಂಡಿನ ವಿಜ್ಞಾನಿ ಅದಕ್ಕೇ ಮಸೂರ ಹಾಕಿ ಕೈಯಲ್ಲಿ ಹಿಡಿಯುವ ಪೆಟ್ಟಿಗೆ ಮಾಡಿದ. ಇದೇ ಬ್ರೂಸ್ಟರ್ ಇನ್ನೊಂದು ಮೋಜು ಗಮನಿಸಿದ್ದ. ಒಂದೇ ವಿನ್ಯಾಸ ಮತ್ತೆ ಮತ್ತೆ ಬರುವ ಗೋಡೆಕಾಗದವನ್ನು ಮೈಮರೆತು ನೋಡುತ್ತಿದ್ದರೆ ಗೋಡೆಯೇ ಹಿಂದಕ್ಕೋ ಮುಂದಕ್ಕೋ ಸರಿದಂತೆ ಕಾಣುತ್ತದೆ. ಎಡಗಣ್ಣು ಒಂದು ಹೂವನ್ನು, ಬಲಗಣ್ಣು ಅದರ ಪಕ್ಕದ ಹೂವನ್ನು ಹಿಡಿದು, ಎರಡೂ ಒಂದೇ ಹೂವೆಂದು ಮಿದುಳು ಮೋಸಹೋಗುವುದರ ಫಲ ಅದು. ನಮ್ಮಲ್ಲಿ ಗೋಡೆಕಾಗದ ಕಡಿಮೆ. ಆದರೆ ಚೌಕುಳಿ ಲುಂಗಿ ಇದೆ, ಸೊಳ್ಳೆ ಪರದೆ ಇದೆ, ಬಚ್ಚಲುಮನೆಯ ಟೈಲ್ಸ್ ಇದೆ. ಸ್ನಾನಕ್ಕೆ ಹೋದವರು ಅರ್ಧ ಗಂಟೆ ಹೊರಗೆ ಬಾರದಿದ್ದರೆ ಕಾರಣ ಇದೂ ಇರಬಹುದು.

ಅಲ್ಲಿಂದ ಬಹುಕಾಲ ಹೆಚ್ಚಿನವರು ಅಂದುಕೊಂಡಿದ್ದೇನೆಂದರೆ, ಮೊದಲು ಪ್ರತಿ ಕಣ್ಣೂ ‘ಇದು ಮರ, ಇದು ಮನೆ’ ಎಂದು ಗುರುತಿಸುತ್ತದೆ, ಆಮೇಲೆ ಎರಡನ್ನೂ ಹೋಲಿಸಿ ಮಿದುಳು ಆಳ ಲೆಕ್ಕ ಹಾಕುತ್ತದೆ ಎಂದು. ಇದನ್ನು ತಲೆಕೆಳಗು ಮಾಡಿದವನು ಬೇಲಾ ಯೂಲೆಸ್. ಹಂಗೆರಿಯವನು. 1956ರಲ್ಲಿ ಅಲ್ಲಿಯ ದಂಗೆ ಅಡಗಿದ ಮೇಲೆ ದೇಶ ಬಿಟ್ಟು ಅಮೆರಿಕಕ್ಕೆ ಬಂದು ಬೆಲ್ ಪ್ರಯೋಗಾಲಯ ಸೇರಿದ. ರೇಡಾರ್ ಗೊತ್ತಿದ್ದ ಎಂಜಿನಿಯರ್, ಮರೆಮಾಚಿದ್ದನ್ನು ಹಿಡಿಯುವ ಬಗೆ ಬಲ್ಲವನು. ಹಸಿರು ಎಲೆಯ ಮೇಲಿನ ಹಸಿರು ಹುಳು ಒಂದು ಕಣ್ಣಿಗೆ ಎಲೆಯೇ. ಎರಡು ಕಣ್ಣಿಗೆ ಅದು ಎಲೆಯಿಂದ ಒಂದು ಬತ್ತದಷ್ಟು ಮೇಲಿದೆ. ಆಕಾಶದಿಂದ ಎರಡು ಕಡೆ ನಿಂತು ತೆಗೆದ ಫೋಟೊಗಳಲ್ಲಿ, ಮರೆಮಾಚಿಟ್ಟ ಫಿರಂಗಿಯೂ ಹೀಗೇ ಸಿಕ್ಕಿಬೀಳುತ್ತದೆ. ಯೂಲೆಸ್ ಇದನ್ನೇ ಶುದ್ಧಮಾಡಿ ತೆಗೆದುಕೊಂಡ. ಕಂಪ್ಯೂಟರಿನಿಂದ ಗೊತ್ತುಗುರಿಯಿಲ್ಲದ ಕಪ್ಪು ಬಿಳುಪು ಚುಕ್ಕೆಗಳ ಎರಡು ಚಿತ್ರ ಮಾಡಿಸಿದ, ಒಂದರಂತೆ ಒಂದು. ಎರಡನೆಯದರಲ್ಲಿ ಮಧ್ಯದ ಒಂದು ಚೌಕದಷ್ಟು ಚುಕ್ಕೆಗಳನ್ನು ಮಾತ್ರ ಅಡ್ಡಕ್ಕೆ ಕೊಂಚ ಸರಿಸಿದ. ಯಾವ ಒಂದು ಕಣ್ಣಿಗೂ ಅಲ್ಲಿ ಚೌಕವಿಲ್ಲ, ಭೂತಕನ್ನಡಿ ಹಿಡಿದು ಹುಡುಕಿದರೂ ಇಲ್ಲ. ಎರಡು ಕಣ್ಣಿಗೆ ಒಂದೊಂದು ಕೊಟ್ಟರೆ ಚೌಕ ಎದ್ದು ತೇಲಿತು.

ಈ ಜಾಗದಲ್ಲಿ ನಾನು ಓದುವುದನ್ನು ನಿಲ್ಲಿಸಿ ಒಂದು ಲೋಟ ಕಾಫಿ ಕುಡಿದೆ. ಕಾಗದದ ಮೇಲೂ ಇಲ್ಲದ, ಎಡಗಣ್ಣಿನಲ್ಲೂ ಇಲ್ಲದ, ಬಲಗಣ್ಣಿನಲ್ಲೂ ಇಲ್ಲದ ಚಿತ್ರ. ಅದು ಇರುವುದು ನೋಡುವವನ ತಲೆಯೊಳಗೆ ಮಾತ್ರ, ಅದೂ ಅವನು ನೋಡುತ್ತಿರುವಷ್ಟು ಹೊತ್ತು. ಗುರುತು ಹಿಡಿಯುವುದಕ್ಕಿಂತ ಮೊದಲೇ ಆಳ ಹುಟ್ಟಬಲ್ಲದು ಎಂದು ಯೂಲೆಸ್ ಹೀಗೆ ತೋರಿಸಿಕೊಟ್ಟ.

ಯೂಲೆಸ್‌ಗೆ ಎರಡು ಚಿತ್ರ ಬೇಕಿತ್ತು. ಅವನ ಜೊತೆ ಕೆಲಸ ಮಾಡಿದ್ದ ಕ್ರಿಸ್ಟೊಫರ್ ಟೈಲರ್ 1979ರಲ್ಲಿ, ಮೋರೀನ್ ಕ್ಲಾರ್ಕ್ ಎಂಬ ಪ್ರೋಗ್ರಾಮರ್ ನೆರವಿನಿಂದ, ಬ್ರೂಸ್ಟರನ ಗೋಡೆಕಾಗದವನ್ನೂ ಯೂಲೆಸ್‌ನ ಚುಕ್ಕೆಯನ್ನೂ ಸೇರಿಸಿ ಒಂದೇ ಹಾಳೆಯಲ್ಲಿ ಅದನ್ನು ಅಡಗಿಸಿದ. ಯಾವ ಪೆಟ್ಟಿಗೆಯೂ ಬೇಡ, ಬರಿಗಣ್ಣು ಸಾಕು. ಆಮೇಲೆ ಅದಕ್ಕೆ ಬಣ್ಣ ಬಂದು, 1991ರಲ್ಲಿ ಜಪಾನಿನಲ್ಲಿ ಪುಸ್ತಕವಾಗಿ, 1993ರಲ್ಲಿ ಅಮೆರಿಕದಲ್ಲಿ ‘ಮ್ಯಾಜಿಕ್ ಐ’ ಎಂಬ ಹೆಸರಿನಲ್ಲಿ ಅಂಗಡಿಗೆ ಬಂತು. ಮಾಲ್‌ಗಳಲ್ಲಿ ಜನ ಗೋಡೆಯ ಮುಂದೆ ಗುಂಪುಗೂಡಿ ಬಾಯಿ ತೆರೆದು ನಿಂತರು. ಆ ಅಲೆಯ ಒಂದು ಹನಿ ಅವೆನ್ಯೂ ರಸ್ತೆಯ ಮೂಲಕ ನಮ್ಮ ಮನೆಗೆ ಸಿಡಿದಿತ್ತು.

ಅಕ್ಕನ ವಿಷಯಕ್ಕೆ ಬರುತ್ತೇನೆ. ಅವಳಿಗೆ ಎಳವೆಯಲ್ಲಿ ಮೆಳ್ಳೆಗಣ್ಣಿತ್ತು. ಮನೆಯ ಹಿರಿಯರು ‘ಅದೃಷ್ಟದ ಕಣ್ಣು’ ಎಂದು ಸುಮ್ಮನಿದ್ದರು. ಹೈಸ್ಕೂಲಿಗೆ ಹೋಗುವ ವಯಸ್ಸಿಗೆ ಆಪರೇಷನ್ ಆಯಿತು, ಕಣ್ಣು ನೇರವಾಯಿತು, ಎಲ್ಲರೂ ಅದನ್ನು ಮರೆತರು. ಆದರೆ ಮಗುವಿನ ಎರಡು ಕಣ್ಣು ಎರಡು ಕಡೆ ನೋಡುತ್ತಿದ್ದರೆ ಎಲ್ಲವೂ ಎರಡೆರಡಾಗಿ ಕಾಣುತ್ತದಲ್ಲ, ಆ ಗೊಂದಲ ತಪ್ಪಿಸಲು ಮಿದುಳು ಒಂದು ಕಣ್ಣಿನ ಮಾತನ್ನು ಕೇಳಿಸಿಕೊಳ್ಳುವುದನ್ನೇ ಬಿಡುತ್ತದೆ. ಆಮೇಲೆ ಕಣ್ಣು ನೇರವಾದರೂ ಮಿದುಳಿನ ಅಭ್ಯಾಸ ನೇರವಾಗುವುದಿಲ್ಲ. ಎರಡು ಕಣ್ಣಿನಿಂದಲೂ ಸುದ್ದಿ ಪಡೆಯುವ ಮಿದುಳಿನ ಕೋಶಗಳು ಎಳವೆಯಲ್ಲೇ ಪಳಗಬೇಕು ಎಂದು ಬೆಕ್ಕಿನ ಮರಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಕೊಂಡವರು ಡೇವಿಡ್ ಹ್ಯೂಬಲ್ ಮತ್ತು ಟಾರ್ಸ್ಟೆನ್ ವೀಸೆಲ್. 1981ರಲ್ಲಿ ಅವರಿಗೆ ನೊಬೆಲ್ ಬಂತು. ಅಂದರೆ ನಾನು ನಕ್ಕ ಆ ಸಂಜೆ ಈ ವಿಷಯ ಜಗತ್ತಿಗೆ ಗೊತ್ತಿತ್ತು. ನಮ್ಮ ಪಡಸಾಲೆಗೆ ಗೊತ್ತಿರಲಿಲ್ಲ.

ಇಂಥವರಿಗೆ ಮುಂದೆಂದೂ ಆಳ ಕಾಣದು ಎಂಬ ನಂಬಿಕೆ ಬಹುಕಾಲ ಇತ್ತು. ಸೂಸನ್ ಬ್ಯಾರಿ ಎಂಬ ಅಮೆರಿಕದ ನರವಿಜ್ಞಾನದ ಪ್ರಾಧ್ಯಾಪಕಿ ಅದನ್ನು ಸ್ವಂತ ಕಣ್ಣಿನಿಂದಲೇ ಸುಳ್ಳಾಗಿಸಿದಳು. ಎಳವೆಯ ಮೆಳ್ಳೆಗಣ್ಣು, ಆಪರೇಷನ್, ಎಲ್ಲ ಅಕ್ಕನ ಕಥೆಯೇ. 48ನೆಯ ವಯಸ್ಸಿನಲ್ಲಿ ಕಣ್ಣಿನ ವ್ಯಾಯಾಮ ಶುರುಮಾಡಿದವಳು, ಒಂದು ದಿನ ಕಾರಿನಲ್ಲಿ ಕೂತಾಗ ಸ್ಟೀರಿಂಗ್ ಚಕ್ರ ಗಾಳಿಯಲ್ಲಿ ತನ್ನಷ್ಟಕ್ಕೆ ನಿಂತಿರುವುದನ್ನು ಮೊದಲ ಸಲ ಕಂಡಳು. ಆಲಿವರ್ ಸ್ಯಾಕ್ಸ್ 2006ರಲ್ಲಿ ಅವಳ ಬಗ್ಗೆ ಬರೆದ. 2009ರಲ್ಲಿ ಅವಳೇ ಪುಸ್ತಕ ಬರೆದಳು. ನಾನು ಇದನ್ನೆಲ್ಲ ಓದಿ ಅಕ್ಕನಿಗೆ ಫೋನ್ ಮಾಡಿ ಉತ್ಸಾಹದಿಂದ ಹೇಳಿದೆ. ಅವಳು ಪೂರ್ತಿ ಕೇಳಿ, ‘ಅಯ್ಯೋ, ಈ ವಯಸ್ಸಲ್ಲಿ ಆ ಮೂರು ಮೀನು ನೋಡಿ ನಾನೇನ್ ಮಾಡ್ಲಿ ಬಿಡೋ’ ಎಂದಳು.

ಮೂರು ಮೀನು ಎಂದಳು. ಅವಳಿಗೆ ನೆನಪಿತ್ತು.

ಅಷ್ಟರಲ್ಲಿ ನಾನೇ ಇಂಥ ಚಿತ್ರ ಮಾಡಲು ಕಲಿತಿದ್ದೆ. ಅದಕ್ಕೆ ದೊಡ್ಡ ವಿದ್ಯೆ ಬೇಡ. ಒಂದು ಗ್ರಾಫ್ ಹಾಳೆ, ಪೆನ್ಸಿಲ್. ಒಂದು ಸಾಲಿನಲ್ಲಿ ಹತ್ತು ಚೌಕ ತೆಗೆದುಕೊಂಡು ಮನಸ್ಸಿಗೆ ಬಂದಂತೆ ಕೆಲವಕ್ಕೆ ಕಪ್ಪು ತುಂಬಿ. ಅದೇ ಹತ್ತನ್ನು ಸಾಲಿನ ಕೊನೆಯವರೆಗೆ ನಕಲು ಮಾಡುತ್ತ ಹೋಗಿ. ಎಲ್ಲಿ ಆಕಾರ ಮುಂದಕ್ಕೆ ಬರಬೇಕೋ ಅಲ್ಲಿ ಹತ್ತರ ಬದಲು ಒಂಬತ್ತಕ್ಕೇ ನಕಲು ಮರುಕಳಿಸಲಿ. ಹತ್ತಿರ ಬರಬೇಕಾದದ್ದಕ್ಕೆ ನಡುವಿನ ಅಂತರ ಕಡಿಮೆ, ದೂರ ಹೋಗಬೇಕಾದದ್ದಕ್ಕೆ ಹೆಚ್ಚು, ಅಷ್ಟೇ ಗುಟ್ಟು. ಹೀಗೆ ಸಾಲು ಸಾಲಾಗಿ ತುಂಬುತ್ತ ಬಂದರೆ ಒಂದು ಚಿತ್ರಕ್ಕೆ ನಾಲ್ಕು ಭಾನುವಾರ. ಮೊದಲನೆಯದರಲ್ಲಿ ‘ಕ’ ಅಕ್ಷರ ಅಡಗಿಸಿದೆ. ಅದು ಹಾಳೆಯಿಂದ ಎದ್ದು ನಿಂತಾಗ ನನಗೆ ಆದ ಖುಷಿ ಬ್ಯಾಂಕಿನ ಯಾವ ಪ್ರಮೋಷನ್ನಿನಲ್ಲೂ ಆಗಿರಲಿಲ್ಲ. ಆಮೇಲೆ ಮಗಳು ಅದನ್ನೇ ಕಂಪ್ಯೂಟರಿನಲ್ಲಿ ಮಾಡಲು ಹೇಳಿಕೊಟ್ಟಳು. ನಾಲ್ಕು ಭಾನುವಾರದ ಕೆಲಸ ಒಂದು ಸಂಜೆಗೆ ಇಳಿಯಿತು. ಲಾಭವೋ ನಷ್ಟವೋ, ನನಗೆ ಇನ್ನೂ ಬಗೆಹರಿದಿಲ್ಲ.

ಈಗ ಕಷ್ಟದ ಭಾಗ. ಮಾಡಿದ್ದನ್ನು ನಾಲ್ಕು ಜನಕ್ಕೆ ತೋರಿಸೋಣ ಎಂಬ ಆಸೆ ಯಾರಿಗಿಲ್ಲ? ಮಗಳು ಅಂತರ್ಜಾಲದಲ್ಲಿ ನನ್ನದೊಂದು ಪುಟ ತೆರೆದುಕೊಟ್ಟಳು. ಮೊದಲ ಚಿತ್ರ ಹಾಕಿದ ದಿನ ಹಬ್ಬದ ಮನೆಯಂತಿತ್ತು. ಹಳೆಯ ಸಹಪಾಠಿಗಳೆಲ್ಲ ಬಂದು ಭೇಷ್ ಎಂದರು. ‘ಏನೂ ಕಾಣ್ತಿಲ್ಲ ಸಾರ್, ಉತ್ತರ ಹೇಳಿ’ ಎಂದು ಒಬ್ಬರು. ನಾನು ಹೇಳುವ ಮೊದಲೇ ಯಾರೋ ‘ನವಿಲು’ ಎಂದು ಬರೆದರು. ಅಲ್ಲಿಂದ ಮುಂದೆ ಬಂದವರೆಲ್ಲ ‘ನವಿಲು ಸೂಪರ್’. ಅವರಲ್ಲಿ ಎಷ್ಟು ಜನ ನಿಜಕ್ಕೂ ನವಿಲು ಕಂಡರು, ಎಷ್ಟು ಜನ ನನ್ನ ಅಕ್ಕನಂತೆ ‘ಹೂಂ, ಕಾಣ್ತು’ ಎಂದರು, ಯಾರಿಗೆ ಗೊತ್ತು? ಈ ಸಲ ‘ಎಷ್ಟು ನವಿಲು?’ ಎಂದು ನಾನು ಕೇಳಲಿಲ್ಲ.

ದಿನಕ್ಕೊಂದು ಹಾಕುತ್ತಿದ್ದರೆ ಮಾತ್ರ ಜನ ನೆನಪಿಟ್ಟುಕೊಳ್ಳುತ್ತಾರೆ ಎಂದರು ತಿಳಿದವರು. ಅಕ್ಟೋಬರ್ ತಿಂಗಳಿಡೀ ದಿನಕ್ಕೊಂದು ಶಾಯಿ ಚಿತ್ರ ಬರೆಯುವ ‘ಇಂಕ್‌ಟೋಬರ್’ ಎಂಬ ರೂಢಿ ಲೋಕದ ತುಂಬ ಇದೆ. 2009ರಲ್ಲಿ ಜೇಕ್ ಪಾರ್ಕರ್ ಎಂಬ ಅಮೆರಿಕದ ಚಿತ್ರಗಾರ ತನ್ನ ಕೈ ಪಳಗಲಿ ಎಂದು ಶುರುಮಾಡಿದ್ದು. ನಾನೂ 31 ದಿನದ ಪಣ ತೊಟ್ಟೆ, ಅದೂ ಮಾರ್ಚ್ ತಿಂಗಳಲ್ಲಿ. ಬ್ಯಾಂಕಿನಲ್ಲಿ ಕೆಲಸ ಮಾಡಿದ ಯಾರಾದರೂ ಈ ಮಾತು ಕೇಳುತ್ತಿದ್ದರೆ ಈಗ ನಗುತ್ತಿರುತ್ತಾರೆ. ಆರ್ಥಿಕ ವರ್ಷದ ಲೆಕ್ಕ ಮುಗಿಸಿ ರಾತ್ರಿ ಹತ್ತಕ್ಕೆ ಮನೆಗೆ ಬಂದು, ಊಟದ ತಟ್ಟೆಯ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಚುಕ್ಕೆ ಸರಿಸಿದೆ. ಏಳನೆಯ ದಿನ ನಾಲ್ಕನೆಯ ದಿನದ ಮೊಲವನ್ನೇ ಬಣ್ಣ ಬದಲಿಸಿ ಹಾಕಿದೆ. ಯಾರೂ ಗುರುತಿಸಲಿಲ್ಲ, ಅದೇ ಬೇಸರವಾಯಿತು. ಹನ್ನೆರಡನೆಯ ದಿನ ನಿಂತುಹೋಯಿತು. ನಿಂತದ್ದನ್ನೂ ಯಾರೂ ಗುರುತಿಸಲಿಲ್ಲ.

ಮಗಳು ಕಾರಣ ಹುಡುಕಿದಳು. ‘ಅಪ್ಪಾ, ಮೂರು ಸೆಕೆಂಡಲ್ಲಿ ಹಿಡೀಬೇಕು. ಇಲ್ಲಾಂದ್ರೆ ಹೆಬ್ಬೆರಳು ಮುಂದಕ್ಕೆ ಹೋಗಿಬಿಡುತ್ತೆ.’ ಅವಳು ಹೇಳಿದ್ದು ಸರಿ. ನನ್ನ ಸರಕಿಗೆ ಕನಿಷ್ಠ ಅರ್ಧ ನಿಮಿಷ ಬೇಕು, ಹೊಸಬರಿಗೆ ಎರಡು ದಿನ. ಮೇಲಾಗಿ ಫೋನಿನಿಂದ ಫೋನಿಗೆ ಹೋಗುವಾಗ ಚಿತ್ರವನ್ನು ಹಿಂಡಿ ಸಣ್ಣದು ಮಾಡುತ್ತಾರೆ. ಮುಖದ ಫೋಟೊ ಆದರೆ ಅದರಿಂದ ಏನೂ ಮುಕ್ಕಾಗದು. ಚುಕ್ಕೆಯ ಚಿತ್ರದಲ್ಲಿ ಒಂದೊಂದು ಚುಕ್ಕೆಯ ಜಾಗವೂ ಲೆಕ್ಕ. ಹಿಂಡಿದ ಮೇಲೆ ನವಿಲಿನ ಬೆನ್ನು ಮೆಟ್ಟಿಲು ಮೆಟ್ಟಿಲಾಗಿ, ಜುಟ್ಟು ಮಾಯವಾಗಿ ಕೋಳಿಯಾಗುತ್ತಿತ್ತು.

ಹಾಗೆಂದು ಪರದೆ ದೊಡ್ಡದಾದರೆ ಒಳ್ಳೆಯದು ಎಂದುಕೊಂಡಿರೋ, ಅದಕ್ಕೂ ನನ್ನಲ್ಲಿ ಅನುಭವವಿದೆ. ಸ್ನೇಹಿತರೊಬ್ಬರು ಪಾಠ ಹೇಳುವ ಶಾಲೆಯಲ್ಲಿ ಮಕ್ಕಳಿಗೆ ತೋರಿಸಲು ಕರೆದರು. ನನ್ನ ಆನೆಯ ಚಿತ್ರವನ್ನು ಪ್ರೊಜೆಕ್ಟರಿನಲ್ಲಿ ಇಡೀ ಗೋಡೆಗೆ ಬಿಟ್ಟೆ. ನೂರು ಮಕ್ಕಳು, ನಿಶ್ಶಬ್ದ. ಒಬ್ಬರಿಗೂ ಕಾಣಲಿಲ್ಲ. ನನಗೂ ಕಾಣಲಿಲ್ಲ. ಬೆವರು ಒರೆಸಿಕೊಳ್ಳುತ್ತ ನಿಂತಾಗ ಹೊಳೆಯಿತು. ವಿನ್ಯಾಸ ಮರುಕಳಿಸುವ ಅಂತರ ನಮ್ಮ ಎರಡು ಕಣ್ಣಿನ ಅಂತರಕ್ಕಿಂತ ಕಡಿಮೆ ಇರಬೇಕು. ಗೋಡೆಯ ಮೇಲೆ ಅದು ಒಂದು ಅಡಿ ಆಗಿತ್ತು. ಹಾಗೆ ನೋಡಬೇಕಾದರೆ ಎರಡು ಕಣ್ಣೂ ಹೊರಮುಖವಾಗಿ, ಒಂದು ಕಿಟಕಿಯ ಕಡೆ, ಒಂದು ಬಾಗಿಲ ಕಡೆ ತಿರುಗಬೇಕು. ಮನುಷ್ಯರಿಗೆ ಬರುವ ವಿದ್ಯೆಯಲ್ಲ. ಕ್ಷಮೆ ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸಾಲಿನ ತುಂಟನೊಬ್ಬ ಎದ್ದು ನಿಂತ. ‘ಸಾರ್, ನಂಗೆ ಕಾಣ್ತು. ಗೋಡೆ ಒಳಗೆ ಆನೆ ಆಕಾರದ ಹಳ್ಳ ಬಿದ್ದಿದೆ.’ ಎಲ್ಲರೂ ನಕ್ಕರು. ನಾನು ನಗಲಿಲ್ಲ. ಹುಡುಗ ಹೇಳಿದ್ದು ಅಕ್ಷರಶಃ ನಿಜ. ಅವನು ಕಣ್ಣನ್ನು ಒಳಕ್ಕೆ, ಮೂಗಿನ ಕಡೆಗೆ ತಿರುಗಿಸಿ ನೋಡಿದ್ದ. ಹಾಗೆ ನೋಡಿದರೆ ಅಂತರ ಎಷ್ಟಿದ್ದರೂ ನಡೆಯುತ್ತದೆ, ಆದರೆ ಉಬ್ಬು ತಗ್ಗಾಗುತ್ತದೆ, ತಗ್ಗು ಉಬ್ಬಾಗುತ್ತದೆ. ಅವನಿಗೊಂದು ಪೆನ್ನು ಬಹುಮಾನ ಕೊಟ್ಟು ಬಂದೆ.

ಈ ಹವ್ಯಾಸವೆಂಬುದನ್ನು ಹೇಗೆ ಉಳಿಸಿಕೊಳ್ಳುವುದು ಎಂದು ಆಗೆಲ್ಲ ಬಹಳ ಯೋಚಿಸುತ್ತಿದ್ದೆ. ಹವ್ಯಾಸವೆಂದಾಗ, ಅದರಲ್ಲೂ ಈ ಮೈಕಿನ ಮುಂದೆ ಕೂತಾಗ, ಒಬ್ಬರ ನೆನಪು ತಾನಾಗಿ ಬರುತ್ತದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳುತ್ತಿದ್ದ ಪ್ರೊ. ಎಂ. ವಿ. ಗೋಪಾಲಸ್ವಾಮಿ. 1935ರಲ್ಲಿ ಅವರು ತಮ್ಮ ಮನೆ ‘ವಿಠಲ ವಿಹಾರ’ದಲ್ಲಿ ಒಂದು ಪುಟ್ಟ ಬಾನುಲಿ ಕೇಂದ್ರ ತೆರೆದರು. 30 ವ್ಯಾಟ್ ಶಕ್ತಿ, ಅಂದರೆ ನಮ್ಮ ಬಚ್ಚಲುಮನೆಯ ಹಳೇ ಬಲ್ಬಿಗಿಂತ ಕಡಿಮೆ. ಅದಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಆ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಪಾಠ ಹೇಳಿ ಬಂದ ಮೇಷ್ಟ್ರು ಮನೆಯಲ್ಲಿ ಕೂತು ಮಾಡಿದ ಕೆಲಸ. ಆಗ ಮೈಸೂರಿನಲ್ಲಿ ರೇಡಿಯೊ ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಾಗಿದ್ದಿರಬೇಕು. ನನ್ನ ಚಿತ್ರಕ್ಕೆ ಎಷ್ಟು ಜನ ಹೆಬ್ಬೆರಳೆತ್ತಿದರು ಎಂದು ಗಂಟೆಗೊಮ್ಮೆ ಫೋನ್ ತೆರೆಯುತ್ತಿದ್ದ ನನಗೆ ಆ 30 ವ್ಯಾಟ್ ನೆನಪಾದಾಗಲೆಲ್ಲ ಕೊಂಚ ನಾಚಿಕೆಯಾಗುತ್ತಿತ್ತು.

ನಾಚಿಕೆಯಾಯಿತೆಂದು ಫೋನ್ ಬಿಟ್ಟೆನೆ? ಇಲ್ಲ. ಸುಳ್ಳು ಹೇಳಬಾರದು. ಆ ಪುಟ ಈಗಲೂ ಇದೆ, ತಿಂಗಳಿಗೊಮ್ಮೆ ಹೋಗಿ ಧೂಳು ಹೊಡೆದು ಬರುತ್ತೇನೆ. ಆದರೆ ಚಿತ್ರಗಳ ದಾರಿ ಬದಲಾಯಿತು, ಅದೂ ಅಕ್ಕನಿಂದ.

ಎರಡು ಕಣ್ಣು ಬೇಡದ, ಒಂದೇ ಕಣ್ಣಿಗೂ ಸಿಗುವ ಅಡಗುಚಿತ್ರಗಳಿವೆ. ಬಾದಾಮಿಯ ಒಂದನೆಯ ಗುಹೆಯ ಹೊರಗೆ, ಎಡಗಡೆಯ ದ್ವಾರಪಾಲಕನ ಕಾಲಬಳಿ ಒಂದು ಕೆತ್ತನೆ ಇದೆ. ಎರಡು ದೇಹಕ್ಕೆ ಒಂದೇ ತಲೆ. ಎಡಭಾಗ ಮಾತ್ರ ನೋಡಿದರೆ ಆನೆ, ಬಲಭಾಗ ಮಾತ್ರ ನೋಡಿದರೆ ಬಸವ. ಆರನೆಯ ಶತಮಾನದ ಕೆಲಸ. ಶಾಲೆಯ ಪ್ರವಾಸಕ್ಕೆ ಹೋಗಿ ಬಂದ ಅಕ್ಕ ಊರಿನಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಅದನ್ನು ಬರೆದು, ಅಂಗೈಯಿಂದ ಅರ್ಧ ಮುಚ್ಚಿ ನನಗೆ ತೋರಿಸಿದ್ದಳು. ಮೀನಿನ ಹಾಳೆಗಿಂತ ಮುಂಚೆ. ಅದು ನೆನಪಾಗಿ ನಾನು ಇನ್ನೊಂದು ಜಾತಿಯ ಚಿತ್ರ ಹುಡುಕಿದೆ. ಕಾರ್ಲ್ ಡಾಲನ್‌ಬಾಕ್ ಎಂಬ ಮನಶ್ಶಾಸ್ತ್ರಜ್ಞ 1951ರಲ್ಲಿ ಪ್ರಕಟಿಸಿದ ಕಪ್ಪು ಬಿಳುಪು ಕಲೆಗಳ ಒಂದು ಚಿತ್ರ ಬಹಳ ಪ್ರಸಿದ್ಧ. ಮೊದಲು ನೋಡಿದರೆ ಗೋಡೆಯ ಪಾಚಿ ಎನ್ನಬೇಕು. ನನಗೆ ಅದರೊಳಗಿನದು ಕಾಣಲು 20 ನಿಮಿಷ ಹಿಡಿಯಿತು. ಮುದ್ರಿಸಿಕೊಂಡು ಅಕ್ಕನ ಮನೆಗೆ ಹೋದೆ. ಅವಳು ಹುಳಿಗೆ ಒಗ್ಗರಣೆ ಹಾಕುತ್ತ ತಿರುಗಿ ನೋಡಿದಳು.

‘ಹಸು ಕಣೋ. ನಮ್ಮನ್ನೇ ನೋಡ್ತಿದೆ.’

ಸಾಸಿವೆ ಸಿಡಿದು ಮುಗಿದಿರಲಿಲ್ಲ, ಅಷ್ಟರೊಳಗೆ. ಅವಳು ಹೇಳಿದ ಮೇಲೆ ನೋಡಿದರೆ ನನಗೂ ಅದು ಹಿಂದೆಂದಿಗಿಂತ ಸ್ಪಷ್ಟ ಹಸು. ಈ ಜಾತಿಯ ಚಿತ್ರದ ಗುಣವೇ ಅದು. ಒಮ್ಮೆ ಕಂಡರೆ ಆಮೇಲೆ ಕಾಣದಂತೆ ಮಾಡಿಕೊಳ್ಳಲು ಆಗುವುದಿಲ್ಲ. ಚುಕ್ಕೆಯ ಚಿತ್ರವನ್ನು ಪ್ರತಿ ಸಲವೂ ಕಣ್ಣು ಸಡಿಲಿಸಿ ಮೊದಲಿನಿಂದ ಕಾಣಬೇಕು. ಹಸು ಹಾಗಲ್ಲ, ಒಳಗೆ ಬಂದು ಕಟ್ಟಿಹಾಕಿಕೊಂಡುಬಿಡುತ್ತದೆ.

ಈಗ ನಾನು ತಿಂಗಳಿಗೆ ಒಂದು ಇಂಥ ಕಲೆಗಳ ಚಿತ್ರ ಮಾಡುತ್ತೇನೆ. ಫೋಟೊದ ಬೂದುಬಣ್ಣವನ್ನೆಲ್ಲ ತೆಗೆದುಹಾಕಿ ಬರೀ ಕಪ್ಪು ಬಿಳುಪು ಉಳಿಸುವುದು, ಆಮೇಲೆ ಅಂಚುಗಳನ್ನು ಅಲ್ಲಲ್ಲಿ ಅಳಿಸುವುದು. ಹೆಚ್ಚು ಅಳಿಸಿದರೆ ಯಾರಿಗೂ ಕಾಣದು, ಕಡಿಮೆ ಅಳಿಸಿದರೆ ಎಲ್ಲರಿಗೂ ಕಾಣುತ್ತದೆ. ಆ ನಡುವಿನ ಹದ ಇನ್ನೂ ಕೈಗೆ ಬಂದಿಲ್ಲ. ಮುದ್ರಿಸಿ ಲಕೋಟೆಗೆ ಹಾಕಿ ಅಂಚೆಯಲ್ಲಿ ಅಕ್ಕನಿಗೆ ಕಳಿಸುತ್ತೇನೆ. ನೋಡುವವಳು ಒಬ್ಬಳೇ. ಅಂಚೆಯವರು ತಲುಪಿಸಿದ ದಿನ ಸಂಜೆ ಫೋನ್ ಬರುತ್ತದೆ. ‘ಕೊಡೆ ಹಿಡ್ಕೊಂಡಿರೋ ಮುದುಕ.’ ‘ಕಣದಲ್ಲಿ ಎತ್ತು.’ ಒಂದೇ ಒಂದು ಸಲ ಸೋತಳು, ನಾಲ್ಕು ದಿನ ಫೋನ್ ಬರಲಿಲ್ಲ. ಐದನೆಯ ದಿನ ‘ನೀನು ತಪ್ಪು ಮಾಡಿದ್ದೀಯ, ಇದರಲ್ಲಿ ಏನೂ ಇಲ್ಲ’ ಎಂದಳು. ತೆಗೆದು ನೋಡಿದರೆ ನಿಜ, ಬೇರೆ ಯಾವುದೋ ಕೆಟ್ಟ ಪ್ರತಿಯನ್ನು ಲಕೋಟೆಗೆ ಹಾಕಿದ್ದೆ. ಕಾಣದ್ದನ್ನು ಕಂಡೆ ಎನ್ನುವ ಕೆಲಸ ಅವಳು ಬಿಟ್ಟು ಬಹಳ ವರ್ಷವಾಗಿದೆ.

ಈ ಸಂಕ್ರಾಂತಿಗೆ ಅವಳ ಮನೆಯಲ್ಲಿದ್ದೆ. ಬೆಳಗಿನ ಐದೂವರೆ, ಮಂಜು. ಅಂಗಳ ಸಾರಿಸಿ ಅವಳು ಚುಕ್ಕಿ ಇಡುತ್ತಿದ್ದಳು. 15 ಸಾಲು, ಸಾಲಿಗೆ 15 ಚುಕ್ಕಿ, ದಾರ ಹಿಡಿದಂತೆ ನೇರ. ಗೆರೆ ಇನ್ನೂ ಎಳೆದಿರಲಿಲ್ಲ. ನಾನು ಕಾಫಿ ಲೋಟ ಹಿಡಿದು ಅಂಗಳಕ್ಕೆ ಇಳಿದು ನಿಂತು ನೋಡುತ್ತಿದ್ದೆ. ನೋಡುತ್ತ ಕಣ್ಣು ತಾನಾಗಿ ಸಡಿಲವಾಯಿತು. ಒಂದು ಚುಕ್ಕಿ ಪಕ್ಕದ ಚುಕ್ಕಿಯ ಮೇಲೆ ಕೂತಿತು, ಅಂಗಳವೇ ಕೆಳಗೆ ಸರಿಯಿತು, 225 ಚುಕ್ಕಿಗಳೂ ಬಾವಿಯ ನೀರಿನಲ್ಲಿ ಬಿದ್ದ ನಕ್ಷತ್ರಗಳಂತೆ ಆಳಕ್ಕೆ ಇಳಿದವು.

‘ಅಕ್ಕ, ನಿನ್ನ ಚುಕ್ಕಿಯೆಲ್ಲ ಎರಡಾಳು ಕೆಳಗೆ ಹೋಗಿವೆ’ ಎಂದೆ.

ಅವಳು ತಲೆಯೆತ್ತಲಿಲ್ಲ. ಹಿಟ್ಟಿನ ಬಟ್ಟಲು ಎಡಗೈಗೆ ಬದಲಾಯಿಸಿಕೊಂಡಳು.

‘ಅತ್ಲಾಗೆ ಸರಿಯೋ, ದಳದ ಮೇಲೆ ನಿಂತಿದ್ದೀಯ.’